ಪಾರ್ಫಿರಿಯ: ಸೊಪ್ಪು ಬಿಡಬೇಕಿಲ್ಲ, ಉಪವಾಸ ಕೂಡದು

ಮಾನ್ಯ ಓದುಗರೆ,

ರಕ್ತದ ಕೆಂಪಿಗೂ ಎಲೆಯ ಹಸಿರಿಗೂ ಪಾರ್ಫಿರಿನ್ ಬಗೆಯ ಉಂಗುರವೇ ಆಧಾರವೆಂದು ನಮ್ಮ ಪತ್ರಿಕೆಯಲ್ಲಿ ಓದಿದ ನೀವು, ಆಗಾಗ ಮರುಕಳಿಸುವ ತೀವ್ರ ಪಾರ್ಫಿರಿಯ ಇರುವ ನಿಮ್ಮ ತಂಗಿ ಸೊಪ್ಪು ತಿನ್ನುವುದನ್ನು ಬಿಡಬೇಕೆ, ಉಪವಾಸದಿಂದ ಮೈಯ ವಿಷ ಕಳೆಯುವುದೆ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಯ ಉತ್ತರ ತಡವಾಗಬಾರದು: ಉಪವಾಸ ಖಂಡಿತ ಕೂಡದು.

ಪಾರ್ಫಿರಿಯ ಎಂದರೆ ರಕ್ತಕ್ಕೆ ಕೆಂಪು ಕೊಡುವ ಹೀಮ್ ಎಂಬ ಅಣುವನ್ನು ಮೈ ತಯಾರಿಸುವ ಕೆಲಸದಲ್ಲಿನ ದೋಷ. ಉಪವಾಸ ಏಕೆ ಕೂಡದೆಂದು ತಿಳಿಯಲು ಹೀಮ್ ತಯಾರಾಗುವ ಬಗೆಯನ್ನು ನೋಡಬೇಕು. ಗ್ಲೈಸಿನ್ ಮತ್ತು ಸಕ್ಸಿನೈಲ್ ಕೋಎ ಎಂಬ ಸಣ್ಣ ಅಣುಗಳಿಂದ ಹೊರಟ ಕೆಲಸ 8 ಕಿಣ್ವಗಳ ಕೈ ದಾಟಿ, ಪೈರೋಲ್ ಎಂಬ ನಾಲ್ಕು ಸಣ್ಣ ಉಂಗುರಗಳು ಒಂದು ದೊಡ್ಡ ಉಂಗುರವಾಗಿ ಕೂಡಿ, ಕೊನೆಗೆ ನಡುವೆ ಕಬ್ಬಿಣ ಕುಳಿತಾಗ ಮುಗಿಯುತ್ತದೆ. ಎಲೆಯ ಹಸಿರಾದ ಕ್ಲೋರೋಫಿಲ್‌ನಲ್ಲಿ ಆ ಜಾಗ ಮೆಗ್ನೀಸಿಯಂನದು. ಈ ಎರಡರ ರಚನೆಯನ್ನು ಕುರಿತ ಸಂಶೋಧನೆಗಾಗಿಯೇ ಹಾನ್ಸ್ ಫಿಷರ್ ಅವರಿಗೆ 1930ರ ನೊಬೆಲ್ ಸಂದಿತು. ಹೀಮ್ ಹಿಮೋಗ್ಲೋಬಿನ್‌ಗಷ್ಟೇ ಬೇಕಾದದ್ದಲ್ಲ, ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಸೈಟೋಕ್ರೋಮ್ ಪಿ450 ಕಿಣ್ವಗಳಿಗೂ ಬೇಕು.

ನಿಮ್ಮ ತಂಗಿಯ ರೋಗದಲ್ಲಿ 3ನೆಯ ಕಿಣ್ವದ ಚಟುವಟಿಕೆ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಸಾಮಾನ್ಯ ದಿನಗಳಿಗೆ ಆ ಅರ್ಧವೇ ಸಾಲುತ್ತದೆ. ಈ ದೋಷವಿರುವ ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆಯೂ ರೋಗ ಕಾಣಿಸಿಕೊಳ್ಳುವುದಿಲ್ಲ. ಆದರೆ ಊಟ ಬಿಟ್ಟಾಗ, ಬಾರ್ಬಿಟ್ಯುರೇಟ್‌ನಂಥ ಔಷಧ ಹೊಕ್ಕಾಗ, ಮುಟ್ಟಿನ ಮುಂಚಿನ ಹಾರ್ಮೋನುಗಳ ಏರಿಳಿತದಲ್ಲಿ, ಯಕೃತ್ತಿನ ಮೊದಲನೆಯ ಕಿಣ್ವ ಚುರುಕಾಗುತ್ತದೆ. ಅದು ಒದಗಿಸಿದ್ದನ್ನೆಲ್ಲ ಮೂರನೆಯದು ನಿಭಾಯಿಸಲಾರದೆ ಎಎಲ್‌ಎ ಮತ್ತು ಪಾರ್ಫೋಬಿಲಿನೋಜನ್ ಎಂಬ ನಡುಹಂತದ ಪದಾರ್ಥಗಳು ಶೇಖರವಾಗುತ್ತವೆ. ತಡೆಯಲಾಗದ ಹೊಟ್ಟೆನೋವು, ಕೈಕಾಲುಗಳ ನಿಶ್ಶಕ್ತಿ, ಕೆಲವೊಮ್ಮೆ ಮನಸ್ಸಿನ ಗೊಂದಲ ಹಿಂದೆಯೇ ಬರುತ್ತವೆ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲವೆಂದು ಇಂಥವರ ನೋವನ್ನೇ ನಂಬದಿರುವುದುಂಟು. ಅದು ದೊಡ್ಡ ಅನ್ಯಾಯ. ನೋವಿರುವಾಗಲೇ ಮೂತ್ರದಲ್ಲಿ ಪಾರ್ಫೋಬಿಲಿನೋಜನ್ ಅಳೆದರೆ ಸಂದೇಹ ಬಗೆಹರಿಯುತ್ತದೆ. ಗ್ಲೂಕೋಸ್ ಒಂದಿಷ್ಟು, ರಕ್ತನಾಳಕ್ಕೆ ಕೊಡುವ ಹೀಮಿನ್ (ಔಷಧರೂಪದ ಹೀಮ್) ಅದಕ್ಕಿಂತ ಹೆಚ್ಚು, ಆ ಮೊದಲನೆಯ ಕಿಣ್ವವನ್ನು ತಗ್ಗಿಸುತ್ತವೆ.

ಇನ್ನು ಸೊಪ್ಪಿನ ಮಾತು. ಶೇಖರವಾಗುವುದು ಎಲೆಯಿಂದ ಬಂದದ್ದಲ್ಲ, ಮೈಯೇ ತಯಾರಿಸಿದ್ದು. ಆದ್ದರಿಂದ ಅವರು ಧಾರಾಳವಾಗಿ ತಿನ್ನಲಿ. ಬಿಸಿಲಿಗೂ ಅವರು ಅಂಜಬೇಕಿಲ್ಲ. ಉಂಗುರ ಮುಚ್ಚುವ ಮೊದಲೇ ಕೆಲಸ ನಿಲ್ಲುವುದರಿಂದ ಅವರ ಚರ್ಮಕ್ಕೆ ತೊಂದರೆಯಿಲ್ಲ. ಕಬ್ಬಿಣ ಸೇರಿಸುವ ಕೊನೆಯ ಕಿಣ್ವ ಸೊರಗಿದವರ ಪಾಡು ಬೇರೆ: ಅವರಲ್ಲಿ ಉಳಿದುಬಿಡುವ ಪೂರ್ಣ ಉಂಗುರ 400 ನ್ಯಾನೋಮೀಟರ್ ಆಸುಪಾಸಿನ ನೇರಳೆ ಬೆಳಕನ್ನು ಹೀರಿ ಚರ್ಮವನ್ನು ಸುಡುತ್ತದೆ. ಇದೇ ಗುಣವನ್ನು ಕೆಲವು ಕ್ಯಾನ್ಸರ್‌ಗಳ ಬೆಳಕಿನ ಚಿಕಿತ್ಸೆಯಲ್ಲಿ ಬಳಸುತ್ತಾರೆ.

ಯಾವುದೇ ಹೊಸ ಔಷಧಕ್ಕೆ, ಅರಿವಳಿಕೆಗೆ ಮುಂಚೆ ನಿಮ್ಮ ತಂಗಿ ತಮ್ಮ ರೋಗದ ಹೆಸರನ್ನು ವೈದ್ಯರಿಗೆ ತಿಳಿಸಲೇಬೇಕು. ತಂದೆ ಅಥವಾ ತಾಯಿಯಿಂದ ಬಂದ ದೋಷವಾಗಿದ್ದರೆ ಅದು ನಿಮಗೂ ಬಂದಿರುವ ಸಾಧ್ಯತೆ ಅರ್ಧದಷ್ಟು. ನೀವೂ ಜೀನ್ ಪರೀಕ್ಷೆ ಮಾಡಿಸಿಕೊಳ್ಳಿ.

– ಸಂಪಾದಕ