ಓದುಗರ ಪ್ರಶ್ನೆ: ಹೊಸ್ತಿಲ ಕೆಳಗಿನ ಅಣು ಕ್ಷಯಿಸುವುದು ಹೇಗೆ?

ಪ್ರಶ್ನೆ: ಲ್ಯಾಮ್ಡಾ-ಸಿ(2940) ಬೇರಿಯಾನನ್ನು (ಪ್ರೋಟಾನಿನಂತೆ ಮೂರು ಕ್ವಾರ್ಕುಗಳ ಕಣಗಳ ಗುಂಪಿನದು) ಡಿ-ಸ್ಟಾರ್ ಮೀಸಾನ್ (ಕ್ವಾರ್ಕ್-ಪ್ರತಿಕ್ವಾರ್ಕ್ ಜೋಡಿ) ಮತ್ತು ಪ್ರೋಟಾನ್ ಸೇರಿದ ‘ಹೇಡ್ರಾನ್ ಅಣು’, ಅಂದರೆ ಕ್ವಾರ್ಕುಗಳಿಂದಾದ ಎರಡು ಕಣಗಳು ಸಡಿಲವಾಗಿ ಅಂಟಿಕೊಂಡದ್ದು, ಎನ್ನುವವರಿದ್ದಾರೆ. ಹಾಗಿದ್ದರೆ ಕ್ಷಯದಲ್ಲಿ ಆ ಎರಡು ಕಣಗಳೇ ಏಕೆ ಸಿಗುವುದಿಲ್ಲ?

ಉತ್ತರ: ದ್ರವ್ಯರಾಶಿ ಸಾಲದು. ವಿದ್ಯುದಂಶವಿಲ್ಲದ ಡಿ-ಸ್ಟಾರ್ 2006.85 ಎಂಇವಿ (ಕಣಗಳ ದ್ರವ್ಯರಾಶಿ ಅಳೆಯುವ ಶಕ್ತಿಯ ಏಕಮಾನ), ಪ್ರೋಟಾನ್ 938.27, ಕೂಡಿದರೆ ಹೊಸ್ತಿಲು, ಅಂದರೆ ಎರಡೂ ಬಿಡಿಯಾಗಿ ಹೊರಬರಲು ಬೇಕಾದ ಕನಿಷ್ಠ ಮೊತ್ತ, 2945.1. ಬೇರಿಯಾನ್ ಇರುವುದು 2939.6ರ ಆಸುಪಾಸಿನಲ್ಲಿ. ಐದೂವರೆ ಎಂಇವಿ ಕೊರತೆ. ಇದನ್ನೇ ಬಂಧಶಕ್ತಿ ಎಂದುಕೊಂಡರೆ ಅಣುವಿನ ಗಾತ್ರ ಸುಮಾರು 2.3 ಫೆಮ್ಟೊಮೀಟರ್ ಬರುತ್ತದೆ. ಪ್ರೋಟಾನಿನ ತ್ರಿಜ್ಯ 0.84 ಮಾತ್ರ, ಹಾಗಾಗಿ ಎರಡೂ ತಮ್ಮತನ ಬಿಡದೆ ಅಕ್ಕಪಕ್ಕ ಇರಬಲ್ಲವು.

ಆದರೂ ಅದರ ಅಗಲ (ದ್ರವ್ಯರಾಶಿಯ ಹರಡಿಕೆ; ಬೇಗ ಕ್ಷಯಿಸಿದಷ್ಟೂ ಹೆಚ್ಚು) ಸುಮಾರು 20 ಎಂಇವಿ, ಅಂದರೆ ಬೇರೆ ದಾರಿಗಳು ತೆರೆದಿವೆ. ಒಳಗೇ ಡಿ-ಸ್ಟಾರ್ ಒಂದು ಪೈಯಾನನ್ನು (ಹಗುರ ಮೀಸಾನ್) ಪ್ರೋಟಾನಿಗೆ ದಾಟಿಸಿ ಡಿ ಎಂಬ ಇನ್ನೂ ಹಗುರ ರೂಪಕ್ಕೆ ಇಳಿಯುತ್ತದೆ. ಡಿ ಮತ್ತು ಪ್ರೋಟಾನಿನ ಮೊತ್ತ 2803. ಶಕ್ತಿ ಧಾರಾಳ ಉಳಿಯಿತು. 2006ರಲ್ಲಿ ಬಾಬಾರ್ ಪ್ರಯೋಗ ಈ ಕಣವನ್ನು ಕಂಡದ್ದು ಇದೇ ಜೋಡಿಯಲ್ಲಿ. ಪೈಯಾನ್ ಹೊರಗೆ ಹೋಗಿ ಡಿ ನ್ಯೂಕ್ಲಿಯಾನಿನಲ್ಲಿ (ಪ್ರೋಟಾನ್ ಅಥವಾ ನ್ಯೂಟ್ರಾನ್) ಸೇರಿಕೊಂಡರೆ ಸಿಗ್ಮಾ-ಸಿ ಎಂಬ ಬೇರಿಯಾನ್ ಮತ್ತು ಪೈಯಾನ್ ಸಿಗುತ್ತವೆ.

ಪ್ರಶ್ನೆ: ಈ ಅಗಲವನ್ನು ಲೆಕ್ಕ ಹಾಕುವುದು ಹೇಗೆ? ಎಲ್ಲಿ ಎಡವುತ್ತಾರೆ?

ಉತ್ತರ: ಮೊದಲು ಅಣು ಮತ್ತು ಅದರ ಘಟಕಗಳ ನಡುವಿನ ಜೋಡಣಾಂಕ (ಅವು ಎಷ್ಟು ಬಲವಾಗಿ ಹೆಣೆದಿವೆ ಎಂಬ ಸಂಖ್ಯೆ) ಬೇಕು. ‘ಅಣುವಿನಲ್ಲಿ ಮೂಲಕಣದ ಪಾಲು ಸೊನ್ನೆ’, ಅಂದರೆ ಅದು ಪೂರ್ತಿ ಘಟಕಗಳಿಂದಲೇ ಆದದ್ದು, ಎಂಬ ವೈನ್‌ಬರ್ಗ್ ಷರತ್ತಿನಿಂದ ಅದು ಸಿಗುತ್ತದೆ. ಆಮೇಲೆ ಕ್ಷಯವನ್ನು ಚಿತ್ರಿಸುವ ತ್ರಿಕೋನ ಕುಣಿಕೆಯ ಲೆಕ್ಕ: ಎರಡು ಬದಿ ಘಟಕಗಳು, ಮೂರನೆಯದು ವಿನಿಮಯವಾಗುವ ಕಣ. ಕುಣಿಕೆ ಅನಂತಕ್ಕೆ ಹೋಗದಂತೆ 1 ಜಿಇವಿ (1000 ಎಂಇವಿ) ಸುತ್ತಮುತ್ತಲ ಕಡಿತ, ಅಂದರೆ ಅದಕ್ಕಿಂತ ದೊಡ್ಡ ಸಂವೇಗಗಳನ್ನು ಬಿಡುವ ಮಿತಿ, ಹಾಕುತ್ತಾರೆ. ತೊಂದರೆ ಇರುವುದು ಇಲ್ಲೇ. ಕಡಿತವನ್ನು ಸ್ವಲ್ಪ ಸರಿಸಿದರೂ ಅಗಲ ಬದಲಾಗುತ್ತದೆ. ಬೇಕಾದ ಉತ್ತರ ಬರುವ ತನಕ ತಿರುಗಿಸುವ ಆಸೆಯೂ ಆಗುತ್ತದೆ! ಒಟ್ಟು ಅಗಲಕ್ಕಿಂತ ಕ್ಷಯಗಳ ಅನುಪಾತವೇ ಹೆಚ್ಚು ನಂಬಿಕಸ್ಥ.

ಸ್ಪಿನ್ (ಕಣದ ಸ್ವಂತ ಕೋನೀಯ ಸಂವೇಗ) ಗಮನಿಸದಿದ್ದರೆ ಇನ್ನೂ ದೊಡ್ಡ ತಪ್ಪು. ಎಸ್-ತರಂಗದ (ಘಟಕಗಳು ಒಂದನ್ನೊಂದು ಸುತ್ತದ) ಅಣುವಿಗೆ ಪ್ಯಾರಿಟಿ (ಕನ್ನಡಿ ಸಮ್ಮಿತಿಯ ಗುರುತು) ಋಣ, ಸ್ಪಿನ್ 1/2 ಅಥವಾ 3/2. ಸ್ಪಿನ್ 1/2 ಆದರೆ ಡಿ-ಪ್ರೋಟಾನ್ ಕ್ಷಯಕ್ಕೆ ತಡೆಯೇ ಇಲ್ಲ. 3/2 ಆದರೆ ಡಿ-ತರಂಗ ಬೇಕು, ಅಂದರೆ ಕಕ್ಷೀಯ ಕೋನೀಯ ಸಂವೇಗ 2 (ಈ ‘ಡಿ’ಗೂ ಡಿ ಮೀಸಾನಿಗೂ ಸಂಬಂಧವಿಲ್ಲ). ಆಗ ಅಗಲ ಸಂವೇಗದ ಐದನೇ ಘಾತದಂತೆ ಏರಿಳಿಯುತ್ತದೆ. ಎಲ್‌ಎಚ್‌ಸಿಬಿ ಪ್ರಯೋಗ 2017ರಲ್ಲಿ ಒಲವು ತೋರಿದ್ದು ಋಣ ಪ್ಯಾರಿಟಿಯ 3/2ರ ಕಡೆಗೆ.

ಸರಾಸರಿ ದ್ರವ್ಯರಾಶಿಗಳನ್ನೂ ಬಳಸಬೇಡಿ. ಧನ ವಿದ್ಯುದಂಶದ ಡಿ-ಸ್ಟಾರ್ ಮತ್ತು ನ್ಯೂಟ್ರಾನಿನ ಹೊಸ್ತಿಲು 2949.8. ಎರಡು ಹೊಸ್ತಿಲುಗಳ ಈ 4.7 ಎಂಇವಿ ಅಂತರ ಹೆಚ್ಚುಕಡಿಮೆ ಬಂಧಶಕ್ತಿಯಷ್ಟೇ ದೊಡ್ಡದು.

ಪ್ರಶ್ನೆ: ಹೊಸ್ತಿಲ ಬಳಿ ಇದ್ದರೆ ಅಣು ಎನ್ನಬಹುದೇ?

ಉತ್ತರ: ಇಲ್ಲ. ಮೂರು ಕ್ವಾರ್ಕುಗಳ ಉದ್ರಿಕ್ತ ಸ್ಥಿತಿಯೂ ಅಲ್ಲೇ ಬಂದು ಬೀಳಬಹುದು.