ಹಿಟ್ಟು ಅಳೆಯದೆ ಶುಗರ್ ಇಳಿಯಲ್ಲ

ಓದುಗರ ಪ್ರಶ್ನೆಗೆ ಆಹಾರ ತಜ್ಞರ ಉತ್ತರ

ಅನ್ನ ಬಿಡಿ, ಮುದ್ದೆ ಹಿಡಿಯಿರಿ ಎನ್ನುವ ಮಾತು ತುಮಕೂರು ಜಿಲ್ಲೆಯಲ್ಲಿ ಡಾಕ್ಟರ ಚೀಟಿಯ ಹಾಗೆ ಮನೆಯಿಂದ ಮನೆಗೆ ಹೋಗುತ್ತಿದೆ. ಎಷ್ಟು ಮುದ್ದೆ, ಯಾವುದರ ಜೊತೆ ಎಂದು ಹೇಳುವವರು ಮಾತ್ರ ಸಿಗುವುದಿಲ್ಲ. ಈ ಸಲದ ಪತ್ರಗಳಲ್ಲಿ ಬಹುಪಾಲು ಇದೇ ಗೊಂದಲ. ಆದ್ದರಿಂದ ಒಂದು ಪತ್ರಕ್ಕೆ ಉದ್ದದ ಉತ್ತರ, ಉಳಿದವಕ್ಕೆ ಚುಟುಕು.

ನನಗೆ 52 ವರ್ಷ, ಶುಗರ್ ಬಂದು ನಾಲ್ಕು ವರ್ಷ. ಕಿರಾಣಿ ಅಂಗಡಿ ಇದೆ, ದಿನವೆಲ್ಲ ಕೂತೇ ಇರುತ್ತೇನೆ. ಅನ್ನ ಬಿಟ್ಟು ಮಧ್ಯಾಹ್ನ ಎರಡು, ರಾತ್ರಿ ಎರಡು ಮುದ್ದೆ ಮಾಡಿಕೊಂಡಿದ್ದೇನೆ. ಕೊನೆಗೆ ಒಂದು ಹಿಡಿ ಮಜ್ಜಿಗೆ ಅನ್ನ, ಅಷ್ಟೆ. ಬೆಳಿಗ್ಗೆ ತಿಂಡಿಗೆ ಮುಂಚೆ ರಾಗಿ ಗಂಜಿ ಕುಡಿಯುತ್ತೇನೆ. ಆದರೂ ಊಟದ ನಂತರ 260ಕ್ಕಿಂತ ಕೆಳಗೆ ಬರುತ್ತಿಲ್ಲ. ರಾಗಿ ಶುಗರ್‌ಗೆ ಒಳ್ಳೆಯದಲ್ಲವೇ? (ಗುಬ್ಬಿ)

ರಾಗಿ ಒಳ್ಳೆಯ ಧಾನ್ಯ. ಆದರೆ ಅದು ಧಾನ್ಯ, ಔಷಧಿ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ (ಹೊಟ್ಟೆಗೆ ಹೋಗಿ ರಕ್ತದ ಸಕ್ಕರೆಯಾಗುವ ಪಿಷ್ಟ, ಸಕ್ಕರೆಯ ಅಂಶ) ಇದೆ, ಬಿಳಿ ಅಕ್ಕಿಗೆ 78. ವ್ಯತ್ಯಾಸ ಇಷ್ಟೇ. ರಾಗಿಯ ಹೆಚ್ಚುಗಾರಿಕೆ ಬೇರೆ ಕಡೆ ಇದೆ: ನಾರು 11 ಗ್ರಾಂ (ಅಕ್ಕಿಯಲ್ಲಿ 3ಕ್ಕೂ ಕಡಿಮೆ), ಕ್ಯಾಲ್ಸಿಯಂ 364 ಮಿಲಿಗ್ರಾಂ. ಇವೆರಡೂ ಬೇಕಾದವೇ. ಆದರೆ ಇವು ಇವೆಯೆಂದು 67 ಗ್ರಾಂ ಎಲ್ಲಿಗೂ ಮಾಯವಾಗುವುದಿಲ್ಲ.

ಈಗ ನಿಮ್ಮ ತಟ್ಟೆಯ ಲೆಕ್ಕ. ನಮ್ಮ ಕಡೆಯ ಒಂದು ದೊಡ್ಡ ಮುದ್ದೆಗೆ 80ರಿಂದ 90 ಗ್ರಾಂ ಹಿಟ್ಟು ಹಿಡಿಯುತ್ತದೆ. ಎರಡಕ್ಕೆ 170 ಗ್ರಾಂ ಎಂದರೂ ಒಂದೇ ಹೊತ್ತಿಗೆ 110 ಗ್ರಾಂ ಮೇಲೆ ಕಾರ್ಬೋಹೈಡ್ರೇಟ್. ಅದರ ಮೇಲೆ "ಅಷ್ಟೆ" ಎಂದು ಬರೆದ ಮಜ್ಜಿಗೆ ಅನ್ನ. 100 ಗ್ರಾಂ ಅನ್ನಕ್ಕೆ ಇನ್ನೂ 28. ನೀವು ಅನ್ನ ಬಿಟ್ಟಿಲ್ಲ, ಮುದ್ದೆಯ ಹಿಂದೆ ಇಟ್ಟಿದ್ದೀರಿ. ಬೆಳಗಿನ ಗಂಜಿಯನ್ನಂತೂ ಊಟವೆಂದೇ ಎಣಿಸಿಲ್ಲ. ನಾಲ್ಕು ಚಮಚ ಹಿಟ್ಟು ಕದಡಿ ಕುದಿಸಿ ಕುಡಿದರೆ ಅಗಿಯುವ ಕೆಲಸವೂ ಇಲ್ಲ, ಬೆಂದ ಪಿಷ್ಟ ಬೇಗ ರಕ್ತಕ್ಕೆ ಸೇರುತ್ತದೆ. ಗಂಜಿ ಬೇಕಾದರೆ ತಿಂಡಿಯ ಬದಲು ಕುಡಿಯಿರಿ, ತಿಂಡಿಯ ಮುಂಚೆ ಅಲ್ಲ.

"ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ" ಎಂದು ಹಲವರು ನನಗೇ ಗಾದೆ ಬರೆದು ಕಳಿಸುತ್ತಾರೆ. ಅದು ಬೆಳಗಾಗೆದ್ದು ಹೊಲ ಉತ್ತು, ಕಲ್ಲು ಹೊತ್ತು ಬಂದವರ ಗಾದೆ. ಗಲ್ಲಾಪೆಟ್ಟಿಗೆ ಮುಂದೆ ಕೂತ ದೇಹಕ್ಕೆ ಆ ಅಳತೆ ಸಲ್ಲದು.

ಹಾಗಂತ ಮುದ್ದೆ ಬಿಡಬೇಡಿ. ಬಿಟ್ಟವರು ಮೂರನೇ ವಾರಕ್ಕೆ ಬೇಸತ್ತು ಹಳೆಯ ಅಳತೆಗೇ ಮರಳುತ್ತಾರೆ. ಅಳತೆ ಬದಲಿಸಿ. ಮುದ್ದೆ ತಿರುವುದನ್ನು ನಿಮ್ಮ ಮನೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ತೂಗುವುದನ್ನು ಮಾತ್ರ ಹೇಳುತ್ತೇನೆ. ಒಬ್ಬರಿಗೆಂದು ಪುಟ್ಟ ಮುದ್ದೆ ಬೇರೆ ಮಾಡಲು ಹೋದರೆ ನೀರು ಬೇಗ ಇಂಗಿ ತಳ ಹಿಡಿಯುತ್ತದೆ, ನಡುವೆ ಹಸಿ ಹಿಟ್ಟು ಗಂಟು ಕಟ್ಟುತ್ತದೆ. ಆದ್ದರಿಂದ ಮನೆಮಂದಿಗೆಲ್ಲ ಒಟ್ಟಿಗೇ ಮಾಡಿ. ಹಿಟ್ಟನ್ನು ತೂಗಿ ಹಾಕಿ, ಬೆಂದ ಮೇಲೆ ಒಟ್ಟು ಮುದ್ದೆಯನ್ನು ಇನ್ನೊಮ್ಮೆ ತೂಗಿ. 250 ಗ್ರಾಂ ಹಿಟ್ಟು ಹಾಕಿ 800 ಗ್ರಾಂ ಮುದ್ದೆ ಬಂತು ಎನ್ನಿ. 100 ಗ್ರಾಂ ಮುದ್ದೆಗೆ 21 ಗ್ರಾಂ ಕಾರ್ಬೋಹೈಡ್ರೇಟ್. ನಿಮ್ಮ ಪಾಲು 120 ಗ್ರಾಂ, ಸಣ್ಣ ಕಿತ್ತಳೆ ಹಣ್ಣಿನಷ್ಟು. ಅದರಲ್ಲಿ 25 ಗ್ರಾಂ. ಒಂದು ವಾರ ತೂಗಿದರೆ ಆಮೇಲೆ ಕೈಗೇ ಅಂದಾಜು ಸಿಗುತ್ತದೆ. ಮುದ್ದೆ ನುಣ್ಣಗೆ ಬರಲೆಂದು ಅಕ್ಕಿ ನುಚ್ಚು ಅಥವಾ ಉಳಿದ ಅನ್ನ ಸೇರಿಸುವ ರೂಢಿ ಇದ್ದರೆ ನಿಲ್ಲಿಸಿ. ಹಿಟ್ಟನ್ನು ಜರಡಿ ಹಿಡಿದು ತೌಡು ಚೆಲ್ಲಬೇಡಿ, ನಾರಿನ ದೊಡ್ಡ ಪಾಲು ಆ ಸಿಪ್ಪೆಯಲ್ಲೇ ಇರುವುದು.

ಇನ್ನು ಮುಖ್ಯವಾದದ್ದು. ಮುದ್ದೆ ಕಿರಿದು ಮಾಡಿ ತಟ್ಟೆಯನ್ನು ಹಾಗೇ ಬಿಟ್ಟರೆ ಸಂಜೆ ನಾಲ್ಕಕ್ಕೆ ಹೊಟ್ಟೆ ಕೂಗುತ್ತದೆ, ಅಂಗಡಿಯ ಬನ್ನೋ ಬಿಸ್ಕತ್ತೋ ಬಾಯಿಗೆ ಬರುತ್ತದೆ. ಖಾಲಿಯಾದ ಜಾಗವನ್ನು ಕಾಳು, ಸೊಪ್ಪು, ಮೊಟ್ಟೆ, ಬಾಡು ತುಂಬಬೇಕು. ಇದಕ್ಕೆ ಹೊಸ ಅಡುಗೆ ಕಲಿಯುವ ಅಗತ್ಯವೇ ಇಲ್ಲ, ಬಸ್ಸಾರು ಇದೆಯಲ್ಲ! ಆದರೆ ಅದನ್ನು ನಾವು ತಿನ್ನುವುದು ತಲೆಕೆಳಗಾಗಿ. ಕಾಳು ಸೊಪ್ಪು ಬೇಯಿಸಿ, ಬಸಿದ ಕಟ್ಟಿನಿಂದ ಸಾರು ಮಾಡಿ, ಆ ಸಾರಿಗೆ ಎರಡು ಮುದ್ದೆ ಅದ್ದಿ ನುಂಗುತ್ತೇವೆ. ಸಾರವೆಲ್ಲ ಉಳಿದಿರುವ ಪಲ್ಯ ಮಾತ್ರ ತಟ್ಟೆಯ ಮೂಲೆಯಲ್ಲಿ ಎರಡು ಚಮಚ. ನಿಮ್ಮ ತಟ್ಟೆಯಲ್ಲಿ ಪಲ್ಯವೇ ಊಟವಾಗಲಿ, ಮುದ್ದೆ ಅದರ ಪಕ್ಕಕ್ಕೆ ಬರಲಿ.

ಒಬ್ಬರಿಗೆ ಒಣ ಹುರುಳಿಕಾಳು ಅಥವಾ ಅಲಸಂದೆ 40 ಗ್ರಾಂ, ರಾತ್ರಿಯೇ ನೆನೆಹಾಕಿ. ಸೊಪ್ಪು 200 ಗ್ರಾಂ: ದಂಟು, ಕೀರೆ, ಸಬ್ಬಸಿಗೆ, ಹೊನಗೊನ್ನೆ, ಯಾವುದಾದರೂ ಸರಿ, ಬೆರಕೆ ಸೊಪ್ಪಾದರೆ ಇನ್ನೂ ರುಚಿ. ಬುಟ್ಟಿ ತುಂಬ ಕಂಡರೂ ಬೆಂದರೆ ಹಿಡಿಯಷ್ಟಾಗುತ್ತದೆ, ಹೆದರಬೇಡಿ. ಕಾಳು ಮೊದಲು ಬೇಯಲಿ, ಸೊಪ್ಪನ್ನು ಕೊನೆಯ ಐದಾರು ನಿಮಿಷಕ್ಕೆ ಹಾಕಿ. ಒಟ್ಟಿಗೇ ಕುಕ್ಕರಿಗೆ ಹಾಕಿದರೆ ಸೊಪ್ಪು ಕರಗಿ ಕಟ್ಟಿಗೆ ಸೇರುತ್ತದೆ, ಪಲ್ಯಕ್ಕೆ ಏನೂ ಉಳಿಯುವುದಿಲ್ಲ. ಸಾರು ಮಂದವಾಗಲೆಂದು ಆಲೂಗಡ್ಡೆಯನ್ನೋ ಹುರಿಗಡಲೆಯನ್ನೋ ಅರೆಯಬೇಡಿ. ಬೆಂದ ಕಾಳು ಒಂದು ಸೌಟು, ತೆಂಗಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಸಾಕು. ತಿಪಟೂರಿನ ಜಿಲ್ಲೆಯಲ್ಲಿದ್ದು ಕಾಯಿಗೆ ಹೆದರುವವರನ್ನು ಕಂಡರೆ ನನಗೆ ಬೇಜಾರು. ಹಸಿ ಕಾಯಿತುರಿಯಲ್ಲಿ ಕಾರ್ಬೋಹೈಡ್ರೇಟ್ ಬಹಳ ಕಡಿಮೆ, ಮೂರು ನಾಲ್ಕು ಚಮಚ ಪಲ್ಯಕ್ಕೆ ಬೀಳಲಿ. ಜಿಡ್ಡಿದ್ದರೆ ಹಸಿವು ತಡೆಯುತ್ತದೆ. ಮುದ್ದೆ, ಕಾಯಿ, ಎಣ್ಣೆ ಮೂರನ್ನೂ ಒಂದೇ ದಿನ ಕಡಿಮೆ ಮಾಡುವುದೇ ದೊಡ್ಡ ತಪ್ಪು.

ಪಲ್ಯಕ್ಕೆ ಎರಡು ಮೊಟ್ಟೆ ಒಡೆದು ಹಾಕಿದರೆ 12 ಗ್ರಾಂ ಪ್ರೋಟೀನ್ ಸೇರಿತು. ಮೊಟ್ಟೆ ತಿನ್ನದವರು ಗಟ್ಟಿ ಮೊಸರು ಒಂದು ಬಟ್ಟಲು, 30 ಗ್ರಾಂ ಬೇಯಿಸಿದ ಅಥವಾ ಹುರಿದ ಕಡಲೆಕಾಯಿ ಬೀಜ. ನಾಟಿಕೋಳಿ ಸಾರು ಮಾಡಿದ ದಿನ ತುಂಡುಗಳನ್ನು ನಿಮ್ಮ ತಟ್ಟೆಗೆ ಹಾಕಿಸಿಕೊಳ್ಳಿ, ಬರೀ ಸಾರಿಗೆ ಎರಡು ಮುದ್ದೆ ಮುಗಿಸಬೇಡಿ.

ಮೊದಲು ಪಲ್ಯ, ಮೊಟ್ಟೆ ತಿನ್ನಿ, ಮುದ್ದೆ ಕೊನೆಗೆ. ಅದೇ ಊಟವನ್ನು ಈ ಕ್ರಮದಲ್ಲಿ ಉಂಡರೆ ಶುಗರ್ ಏರುವ ವೇಗ ತಗ್ಗುತ್ತದೆ. ಕೊನೆಗೆ ಮಜ್ಜಿಗೆಯನ್ನು ಲೋಟದಲ್ಲಿ ಕುಡಿಯಿರಿ, ಅನ್ನ ಬೇಡ. ಕಾಳಿನಲ್ಲೂ ಕಾರ್ಬೋಹೈಡ್ರೇಟ್ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ: 40 ಗ್ರಾಂ ಹುರುಳಿಯಲ್ಲಿ ಸುಮಾರು 23 ಗ್ರಾಂ, ಜೊತೆಗೆ 9 ಗ್ರಾಂ ಪ್ರೋಟೀನ್. ಎಲ್ಲ ಸೇರಿಸಿದರೂ ಈ ಊಟ 60 ಗ್ರಾಂ ದಾಟುವುದಿಲ್ಲ, ಹಳೆಯದರ ಅರ್ಧವೂ ಅಲ್ಲ.

ಮೊದಲ ತುತ್ತಿನಿಂದ ಎರಡು ಗಂಟೆಗೆ ಮೀಟರ್‌ನಲ್ಲಿ ನೋಡಿ. ಊಟ ಮುಗಿದಲ್ಲಿಂದ ಎಣಿಸಬೇಡಿ. ಸಾಮಾನ್ಯವಾಗಿ 180ರ ಒಳಗೆ ಇರಬೇಕು, ನಿಮ್ಮ ಡಾಕ್ಟರು ಬೇರೆ ಗುರಿ ಕೊಟ್ಟಿದ್ದರೆ ಅದೇ ನಿಮ್ಮ ಗುರಿ.

ಇಷ್ಟೆಲ್ಲ ಓದಿ ನಾಳೆಯೇ ಶುರು ಮಾಡುವ ಮುನ್ನ ನಿಮ್ಮ ಮಾತ್ರೆಯ ಹೆಸರು ನೋಡಿಕೊಳ್ಳಿ. ನೀವು ಅದನ್ನು ಬರೆದಿಲ್ಲ, ಯಾರೂ ಬರೆಯುವುದಿಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮುದ್ದೆಯನ್ನು ಒಮ್ಮೆಗೇ ಅರ್ಧಕ್ಕಿಳಿಸಿದರೆ ಶುಗರ್ 70ಕ್ಕಿಂತ ಕೆಳಗೆ ಬಿದ್ದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಹಾಗಾದಾಗ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಕಾರ್ಬೋಹೈಡ್ರೇಟನ್ನು ತೀರಾ ಕಡಿಮೆ ಮಾಡಿದರೆ, ಮೀಟರ್ ಸರಿಯಾಗಿ ತೋರಿಸುತ್ತಿದ್ದರೂ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ಮೊದಲು ಡಾಕ್ಟರ ಹತ್ತಿರ ಮಾತ್ರೆಯ ಪ್ರಮಾಣ ಸರಿ ಮಾಡಿಸಿಕೊಳ್ಳಿ. ಆಮೇಲೆ ವಾರಕ್ಕಿಷ್ಟು ಎಂದು ಮುದ್ದೆ ಇಳಿಸಿ. ಕಿಡ್ನಿ ತೊಂದರೆ ಇರುವವರು, ಬಸುರಿಯರು ಈ ತಟ್ಟೆಯನ್ನು ನಕಲು ಮಾಡಬಾರದು, ಅವರ ಲೆಕ್ಕವೇ ಬೇರೆ.

ಸಕ್ಕರೆ ಬದಲು ಬೆಲ್ಲ ಹಾಕಬಹುದೇ? (ತುರುವೇಕೆರೆ, ಕುಣಿಗಲ್, ಸಿರಾ)

ಇಲ್ಲ. ಬಣ್ಣ ಬೇರೆ, ಶುಗರ್ ಏರುವುದು ಒಂದೇ.

ನವಣೆ, ಸಾಮೆ ಎಷ್ಟು ಬೇಕಾದರೂ ತಿನ್ನಬಹುದಂತೆ? (ಮಧುಗಿರಿ)

ಅಂತೆ ಎಂದವರು ಸಿರಿಧಾನ್ಯ ಮಾರುವವರೇ? 100 ಗ್ರಾಂಗೆ 60ರ ಮೇಲೆ ಕಾರ್ಬೋಹೈಡ್ರೇಟ್ ಅವುಗಳಲ್ಲೂ ಇದೆ. ಮುದ್ದೆಗೆ ಹೇಳಿದ ಲೆಕ್ಕವೇ ಅವಕ್ಕೂ.

ಗಂಜಿ ಬಸಿದರೆ ಅನ್ನದ ಸಕ್ಕರೆ ಹೋಗುತ್ತದೆಯೇ?

ಸ್ವಲ್ಪ ಪಿಷ್ಟ ಹೋಗುತ್ತದೆ, ಬಹುಪಾಲು ಅನ್ನದಲ್ಲೇ ಉಳಿಯುತ್ತದೆ. ಬಸಿದಿದ್ದೇನೆಂದು ಎರಡು ಸೌಟು ಹೆಚ್ಚು ಬಡಿಸಿಕೊಳ್ಳುವುದೇ ನಷ್ಟ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪೂರ್ತಿ ಬಿಡಬೇಕೇ?

ಬೇಡ. ಒಂದು ತಟ್ಟೆ ಇಡ್ಲಿ ಎಂದರೆ ಮನೆಯ ಎರಡು ಮೂರು ಇಡ್ಲಿ, ಮೆದುವಾಗಲೆಂದು ಸಬ್ಬಕ್ಕಿ, ಅವಲಕ್ಕಿಯೂ ಸೇರಿರುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದೇ ಒಂದು, ಚಟ್ನಿ ಎರಡು ಪಾಲು, ಆ ಹೊತ್ತಿಗೆ ಬೇರೇನೂ ಬೇಡ.

ಸಿದ್ದು ಹಲಸು ನಮ್ಮ ಊರಿನದೇ ಹಣ್ಣು. ಶುಗರ್ ಇರುವವರು ತಿಂದರೆ ಏನೂ ಆಗದಂತೆ?

ಕೆಂಪು ತೊಳೆಯಲ್ಲೂ ಸಕ್ಕರೆ ಸಕ್ಕರೆಯೇ. ಮಾಗಿದ ಹಲಸಿನ 100 ಗ್ರಾಂ ತೊಳೆಗೆ 20 ಗ್ರಾಂ ಮೇಲೆ ಕಾರ್ಬೋಹೈಡ್ರೇಟ್. ಎರಡು ತೊಳೆ ತಿನ್ನಿ, ಊಟವಾದ ಕೂಡಲೇ ಬೇಡ. ಎಳೆ ಹಲಸಿನಕಾಯಿಯ ಪಲ್ಯ ಧಾರಾಳವಾಗಿ ತಿನ್ನಬಹುದು.

ರಾತ್ರಿ ಮುದ್ದೆಯೂ ಬೇಡ, ಚಪಾತಿಯೂ ಬೇಡ ಎಂದರೆ ಏನು ಮಾಡಲಿ? (ಕೊರಟಗೆರೆ)

ನುಚ್ಚಿನುಂಡೆ. ತೊಗರಿಬೇಳೆ 100 ಗ್ರಾಂ, ಕಡಲೆಬೇಳೆ 50 ಗ್ರಾಂ, ಎರಡು ಮೂರು ಗಂಟೆ ನೆನೆಸಿ ನೀರು ಪೂರ್ತಿ ಸೋರಿಸಿ. ಶುಂಠಿ, ಹಸಿಮೆಣಸಿನಕಾಯಿ ಸೇರಿಸಿ ನೀರು ಹಾಕದೆ ತರಿತರಿಯಾಗಿ ರುಬ್ಬಿ. ನುಣ್ಣಗಾದರೆ ಉಂಡೆ ಗಟ್ಟಿಯಾಗುತ್ತದೆ, ನೀರು ಉಳಿದರೆ ಉಂಡೆಯೇ ಕಟ್ಟುವುದಿಲ್ಲ. ಹೆಚ್ಚಿದ ಸಬ್ಬಸಿಗೆ ಸೊಪ್ಪು ಒಂದು ಕಟ್ಟು, ಕಾಯಿತುರಿ, ಇಂಗು, ಉಪ್ಪು ಕಲೆಸಿ 12 ಉಂಡೆ ಮಾಡಿ ಇಡ್ಲಿ ಪಾತ್ರೆಯಲ್ಲಿ 15 ನಿಮಿಷ ಹಬೆಗಿಡಿ. ನಾಲ್ಕು ಉಂಡೆಗೆ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್, 11 ಗ್ರಾಂ ಪ್ರೋಟೀನ್. ಮಜ್ಜಿಗೆ ಹುಳಿ ಜೊತೆ ಅದೇ ಊಟ. ಪಕ್ಕದಲ್ಲಿ ಅನ್ನ ಇಟ್ಟುಕೊಂಡರೆ ಮಾಡಿದ್ದು ದಂಡ.

ಸಂತೆಯಲ್ಲಿ ಒಬ್ಬರು ಚೂರ್ಣ ಕೊಟ್ಟು 40 ದಿನ ಇಂಗ್ಲಿಷ್ ಮಾತ್ರೆ ಬಿಡಿ ಎಂದಿದ್ದಾರೆ. ತಂಗಿಯ ಮಗನಿಗೆ 11 ವರ್ಷ, ಇನ್ಸುಲಿನ್ ಮೇಲಿದ್ದಾನೆ. ಅವನಿಗೂ ಕೊಡಬಹುದೇ? (ಪಾವಗಡ)

ಕೊಡಬೇಡಿ. ಚೂರ್ಣ ಮನೆಯಲ್ಲಿದ್ದರೆ ಇವತ್ತೇ ಚೆಲ್ಲಿ. ಇಂಥ ಪುಡಿಗಳಲ್ಲಿ ಶುಗರ್ ಮಾತ್ರೆಯನ್ನೇ ಅರೆದು ಬೆರೆಸಿರುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಸಿಕ್ಕಿದೆ. ಎಷ್ಟು ಬೆರೆಸಿದ್ದಾರೆಂದು ಕೊಟ್ಟವನಿಗೂ ಗೊತ್ತಿರುವುದಿಲ್ಲ. ಈ ಮಗುವಿನದು ಟೈಪ್ 1 ಆಗಿದ್ದರೆ, ಈ ವಯಸ್ಸಿಗೆ ಸಾಮಾನ್ಯವಾಗಿ ಅದೇ, ಅವನ ದೇಹ ಇನ್ಸುಲಿನ್ ತಯಾರಿಸುವುದೇ ಇಲ್ಲ. ಇನ್ಸುಲಿನ್ ನಿಲ್ಲಿಸಿದರೆ 40 ದಿನ ಕಾಯಬೇಕಾಗಿಲ್ಲ, ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಮೇಲೆ ಬರೆದ ಮುದ್ದೆಯ ಲೆಕ್ಕವೂ ಅವನಿಗಲ್ಲ. ಬೆಳೆಯುವ ಹುಡುಗ, ಅವನ ಊಟ ಮತ್ತು ಇನ್ಸುಲಿನ್ ಎರಡನ್ನೂ ಮಕ್ಕಳ ಡಾಕ್ಟರು ಒಟ್ಟಿಗೆ ಕೂರಿಸಿ ಹೊಂದಿಸಬೇಕು. ಯಾರಾದರೂ ಈಗಾಗಲೇ ಒಂದು ಡೋಸ್ ತಪ್ಪಿಸಿದ್ದರೆ, ಅವನಿಗೆ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಕಂಡರೆ, ಈ ಉತ್ತರ ಪೂರ್ತಿ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.