ಬ್ಯಾಟರಿ ಆಮೇಲೆ, ಮೊದಲು ಲೆಕ್ಕ: ತೋಟದ ಶೆಡ್‌ಗೆ ಸೋಲಾರ್

ಸೋಲಾರ್ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಥರ. ‘ನನ್ನ ಶೆಡ್ ಹತ್ತಕ್ಕೆ ಹನ್ನೆರಡು ಅಡಿ, ಎಷ್ಟು ವ್ಯಾಟ್ ಪ್ಯಾನೆಲ್ ಬೇಕು?’ ಶೆಡ್‌ನ ಅಳತೆ ಕಟ್ಟಿಕೊಂಡು ನಾನೇನು ಮಾಡಲಿ? ಒಳಗೆ ಏನೇನು ಓಡುತ್ತದೆ, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಅದು ಬೇಕು. ಈ ಸಲ ಒಬ್ಬರು ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ. ಹಾಗಾಗಿ ಜಾಗದ ಬಹುಪಾಲು ಅವರಿಗೆ.

ಪ್ರಶ್ನೆ: ಶೆಡ್‌ನಲ್ಲಿ 100 ವ್ಯಾಟ್ ಪ್ಯಾನೆಲ್, 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, 500 ವ್ಯಾಟ್ ಇನ್ವರ್ಟರ್ ಇವೆ. 9 ವ್ಯಾಟ್‌ನ ಎರಡು ಎಲ್‌ಇಡಿ ಬಲ್ಬ್ ನಾಲ್ಕು ಗಂಟೆ, 30 ವ್ಯಾಟ್ ಫ್ಯಾನ್ ಐದು ಗಂಟೆ ಓಡುತ್ತವೆ. ಒಂದು ಫೋನ್, ಡ್ರಿಲ್‌ನ ಒಂದು ಬ್ಯಾಟರಿ ಚಾರ್ಜ್ ಆಗಬೇಕು. ಮೊದಲ ವಾರ ಚೆನ್ನಾಗಿತ್ತು. ಹತ್ತನೇ ದಿನ ಇನ್ವರ್ಟರ್ ಕೂಗಿಕೊಂಡು ನಿಂತುಹೋಯಿತು. ಇನ್ನೊಂದು ಬ್ಯಾಟರಿ ಸೇರಿಸಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಸೇರಿಸಲೇ?

ಉತ್ತರ: ಸೇರಿಸಬೇಡಿ. ಬೆಳೆದದ್ದೇ ಸಾಲದಿದ್ದಾಗ ಎರಡನೇ ಕಣಜ ಕಟ್ಟಿ ಏನು ಪ್ರಯೋಜನ? ಕರೆಂಟು ಮಾಡುವುದು ಪ್ಯಾನೆಲ್. ಬ್ಯಾಟರಿ ಅದನ್ನು ಇಟ್ಟುಕೊಳ್ಳುತ್ತದೆ, ಅಷ್ಟೇ.

ನಿಮ್ಮ ಲೆಕ್ಕವನ್ನೇ ಹಾಕೋಣ. ವ್ಯಾಟನ್ನು ಓಡುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್-ಅವರ್. ಬಲ್ಬ್ ಎರಡೂ ಸೇರಿ 72 ವ್ಯಾಟ್-ಅವರ್. ಫ್ಯಾನ್ 150. ಫೋನ್ ಸುಮಾರು 15. ಡ್ರಿಲ್ ಬ್ಯಾಟರಿ 18 ವೋಲ್ಟ್, 4 ಎಎಚ್ ಅಂತಿಟ್ಟುಕೊಂಡರೆ ಅದರೊಳಗೆ 72, ಚಾರ್ಜರ್ ತಿನ್ನುವುದೂ ಸೇರಿ 90. ಒಟ್ಟು 327. ಇಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ನಿಮ್ಮ ಇನ್ವರ್ಟರ್ ಯಾವಾಗಲೂ ಆನ್ ಇರುತ್ತದೆ, ಅಲ್ವಾ? ಇಂಥ ಸಣ್ಣ ಇನ್ವರ್ಟರ್ ಏನನ್ನೂ ಓಡಿಸದೆ ಸುಮ್ನೆ ಕೂತಾಗಲೂ 5ರಿಂದ 10 ವ್ಯಾಟ್ ಎಳೆಯುತ್ತದೆ. 8 ಅಂತ ಹಿಡಿಯಿರಿ. 24 ಗಂಟೆಗೆ 192 ವ್ಯಾಟ್-ಅವರ್. ನಿಮ್ಮ ಫ್ಯಾನಿಗಿಂತ ಜಾಸ್ತಿ! ಈಗ ದಿನದ ಖರ್ಚು 520 ಹತ್ತಿರ ಬಂತು.

ಇನ್ನು ಆದಾಯ. ಪ್ಯಾನೆಲ್ ಮೇಲೆ 100 ವ್ಯಾಟ್ ಅಂತ ಬರೆದಿರುವುದು ಚದರ ಮೀಟರಿಗೆ 1000 ವ್ಯಾಟ್ ಬಿಸಿಲು ಬಿದ್ದು, ಸೆಲ್‌ಗಳು 25 ಡಿಗ್ರಿ ತಂಪಾಗಿರುವಾಗಿನ ಮಾತು. ಸುಡುಬಿಸಿಲಲ್ಲಿ ಸೆಲ್ 60 ಡಿಗ್ರಿಗೆ ಏರುತ್ತದೆ. ಪ್ರತಿ ಡಿಗ್ರಿಗೆ ಶೇ 0.4ರಷ್ಟು ಇಳುವರಿ ಕಡಿಮೆಯಾಗುತ್ತದೆ ಅಂತ ಹಿಡಿದರೂ ಅಲ್ಲೇ ಶೇ 14 ಹೋಯಿತು. ದೂಳು, ವೈರ್, ಬ್ಯಾಟರಿಗೆ ಹೋಗುವ ಚಾರ್ಜನ್ನು ಹದದಲ್ಲಿಡುವ ಕಂಟ್ರೋಲರ್, ಬ್ಯಾಟರಿ, ಒಂದೊಂದೂ ತನ್ನ ಪಾಲು ಕಳೆಯುತ್ತದೆ. ಕೊನೆಗೆ ಕೈಗೆ ಸಿಗುವುದು ಶೇ 70. ಒಳ್ಳೆಯ ದಿನ ಐದು ಗಂಟೆಯ ಪೂರ್ಣ ಬಿಸಿಲಿನಷ್ಟು ಬೆಳಕು ಸಿಕ್ಕಿದರೆ 350 ವ್ಯಾಟ್-ಅವರ್ ಬರುತ್ತದೆ.

ಬರುವುದು 350, ಹೋಗುವುದು 520. ದಿನಾ 170 ಬ್ಯಾಟರಿಯ ಗಂಟಿನಿಂದ ಕರಗುತ್ತಿದೆ. 12 ವೋಲ್ಟ್‌ನ 150 ಎಎಚ್ ಬ್ಯಾಟರಿಯಲ್ಲಿ ಇರುವುದೇ 1800. ಹತ್ತನೇ ದಿನ ನಿಮ್ಮ ಇನ್ವರ್ಟರ್ ಕೂಗಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಬ್ಯಾಟರಿಯಲ್ಲಿ ದೋಷ ಇರಲಿಲ್ಲ. ಅಂಗಡಿಯವರ ಮಾತು ಕೇಳಿದ್ದರೆ ಇಪ್ಪತ್ತನೇ ದಿನ ಇದೇ ಪತ್ರ ಬರೆಯುತ್ತಿದ್ದಿರಿ, ಆಗ ಎರಡು ಬ್ಯಾಟರಿ ಹಾಳಾಗಿರುತ್ತಿದ್ದವು.

ಹಾಳಾಗುತ್ತವೆ ಅನ್ನುವುದು ಹೆದರಿಸುವ ಮಾತಲ್ಲ. ನಿಮ್ಮ ಟ್ಯೂಬುಲರ್ ಕೂಡ ಲೆಡ್ ಆಸಿಡ್ (ಸೀಸ-ಆಮ್ಲದ) ಬ್ಯಾಟರಿಯೇ. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಪೂರ್ತಿ ತುಂಬದೆ ವಾರಗಟ್ಟಲೆ ಇದ್ದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಗಟ್ಟಿಯಾದ ಮೇಲೆ ಅದು ಕರಗುವುದು ಕಷ್ಟ. ದೊಡ್ಡ ಬ್ಯಾಟರಿಗೆ ಸಣ್ಣ ಪ್ಯಾನೆಲ್ ಕಟ್ಟುವುದೆಂದರೆ ಅದನ್ನು ದಿನಾ ಅರೆಹೊಟ್ಟೆಯಲ್ಲಿ ಇಟ್ಟಂತೆ. ಲೆಡ್ ಆಸಿಡ್‌ಗೆ ಅದರ ಎಎಚ್‌ನ ಹತ್ತನೇ ಒಂದು ಭಾಗದಷ್ಟು ಆಂಪಿಯರ್ ಚಾರ್ಜ್ ಸಿಕ್ಕಿದರೆ ಚೆಂದ. ನಿಮ್ಮದಕ್ಕೆ 15 ಬೇಕು, ಈಗ ಸಿಗುತ್ತಿರುವುದು ಜಾಸ್ತಿ ಅಂದರೆ ಐದೂವರೆ.

ಹಾಗಾದರೆ ಏನು ಮಾಡಬೇಕು? ಇವತ್ತೇ ಆ ಬ್ಯಾಟರಿಯನ್ನು ಬಿಚ್ಚಿ, ಮೇನ್ಸ್ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ. ಖಾಲಿ ಬ್ಯಾಟರಿಯನ್ನು ‘ನಾಳೆ ನೋಡೋಣ’ ಅಂತ ಬಿಡುವ ಹಾಗಿಲ್ಲ. ಆಮೇಲೆ ಬಲ್ಬ್ ಮತ್ತು ಫ್ಯಾನನ್ನು 12 ವೋಲ್ಟ್ ಡಿಸಿಯವಕ್ಕೆ ಬದಲಾಯಿಸಿ ನೇರ ಬ್ಯಾಟರಿ ಕಡೆಯಿಂದ ಓಡಿಸಿ. ಡ್ರಿಲ್ ಚಾರ್ಜ್ ಆಗುವ ಎರಡು ಗಂಟೆ ಮಾತ್ರ ಇನ್ವರ್ಟರ್ ಆನ್ ಮಾಡಿ. ಅದು ಸುಮ್ನೆ ಎಳೆಯುವುದು 192ರಿಂದ 16ಕ್ಕೆ ಇಳಿದು, ದಿನದ ಖರ್ಚು 345 ಹತ್ತಿರ ಬರುತ್ತದೆ.

ಈಗ ಪ್ಯಾನೆಲ್. ಇಲ್ಲೇ ಜನ ಎರಡನೇ ಸಲ ಎಡವುತ್ತಾರೆ. ವರ್ಷದ ಸರಾಸರಿ ಬಿಸಿಲಿಗೆ ಲೆಕ್ಕ ಹಾಕುತ್ತಾರೆ. ಮೋಡದ ತಿಂಗಳಲ್ಲಿ ನೀವೇನು ಸರಾಸರಿಯನ್ನು ಉರಿಸುತ್ತೀರಾ? ಶೆಡ್ ಬಳಸುವ ತಿಂಗಳುಗಳಲ್ಲಿ ಅತಿ ಮಂಕಾದದ್ದನ್ನು ಹಿಡಿಯಿರಿ. ಆಗ ಮೂರು ಗಂಟೆಯಷ್ಟೇ ಪೂರ್ಣ ಬಿಸಿಲಿನ ಬೆಳಕು ಸಿಗುತ್ತದೆ ಅಂತ ಇಟ್ಟುಕೊಳ್ಳಿ. 345ನ್ನು 0.7ರಿಂದ ಭಾಗಿಸಿದರೆ 493. ಅದನ್ನು ಮೂರರಿಂದ ಭಾಗಿಸಿದರೆ 164 ವ್ಯಾಟ್. ಈಗಿರುವಂಥದ್ದೇ ಇನ್ನೊಂದು 100 ವ್ಯಾಟ್ ಪ್ಯಾನೆಲ್ ಸಮಾನಾಂತರವಾಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಸೇರಿಸಿ. 11 ಆಂಪಿಯರ್ ಬರುತ್ತದೆ, 20 ಆಂಪಿಯರ್ ಕಂಟ್ರೋಲರ್ ಸಾಕು. ಬ್ಯಾಟರಿಗೆ ಬೇಕಾದ ಪೂರ್ತಿ 15 ಅಲ್ಲದಿದ್ದರೂ ಬಾಳುವಷ್ಟು ಆಯಿತು. ಅರ್ಧದವರೆಗೆ ಬಳಸಿದರೆ ಅದರಲ್ಲಿ 900 ವ್ಯಾಟ್-ಅವರ್ ಸಿಗುತ್ತದೆ, ಬಿಸಿಲೇ ಇಲ್ಲದೆ ಎರಡೂವರೆ ದಿನ ನಡೆಯುತ್ತದೆ. ಇನ್ವರ್ಟರ್ ಈಗಿನಂತೆ ಸದಾ ಆನ್ ಇದ್ದರೆ ಇದೇ ಲೆಕ್ಕಕ್ಕೆ 250 ವ್ಯಾಟ್ ಪ್ಯಾನೆಲ್ ಬೇಕಾಗುತ್ತಿತ್ತು. ಒಂದು ಸ್ವಿಚ್ ಆಫ್ ಮಾಡದ ತಪ್ಪಿಗೆ!

ವೋಲ್ಟ್ ಅಳೆಯಲು ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಬೆಳಿಗ್ಗೆ, ಬಿಸಿಲು ಬೀಳುವ ಮೊದಲು, ಯಾವುದನ್ನೂ ಓಡಿಸದೆ ನೋಡಿ. 12.7 ವೋಲ್ಟ್ ಹತ್ತಿರ ಇದ್ದರೆ ತುಂಬಿದೆ. 12.1ಕ್ಕೆ ಇಳಿದಿದ್ದರೆ ಅರ್ಧ ಖಾಲಿ, ಅವತ್ತು ಫ್ಯಾನ್ ಹಾಕಬೇಡಿ. ಮುಂದೆ ಬ್ಯಾಟರಿ ಬದಲಾಯಿಸುವ ಕಾಲ ಬಂದಾಗ ಲಿಥಿಯಂ ಐರನ್ ಫಾಸ್ಫೇಟ್ ನೋಡಿ. ಅದನ್ನು ಶೇ 80ರವರೆಗೆ ಬಳಸಬಹುದು, ಅರ್ಧ ತುಂಬಿದ್ದರೂ ಕೊರಗುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಮಾತ್ರ ಚಾರ್ಜ್ ಮಾಡಬಾರದು.

ಕಾರಿನ ಹಳೆಯ ಬ್ಯಾಟರಿ ಬಳಸಬಹುದೇ?

ಬೇಡ. ಅದು ಇಂಜಿನ್ ಎಬ್ಬಿಸಲಿಕ್ಕೆ ಮಾಡಿದ್ದು. ತೆಳು ಪ್ಲೇಟುಗಳು, ಕೆಲವು ಸಲ ಆಳವಾಗಿ ಖಾಲಿಯಾದರೆ ಮುಗಿಯಿತು.

ಬೆಳದಿಂಗಳಲ್ಲೂ ಚಾರ್ಜ್ ಆಗುವ ಪ್ಯಾನೆಲ್ ಇದೆಯಂತೆ, ತೆಗೆದುಕೊಳ್ಳಲೇ?

ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಕಡಿಮೆ. 100 ವ್ಯಾಟ್ ಪ್ಯಾನೆಲ್‌ನಿಂದ ಒಂದು ಮಿಲಿವ್ಯಾಟ್ ಕೂಡ ಹುಟ್ಟುವುದಿಲ್ಲ. ಹೀಗೆ ಹೇಳಿ ಮಾರುವವರು ಮೋಸ ಮಾಡುತ್ತಿದ್ದಾರೆ.

ಸತ್ತ ಬ್ಯಾಟರಿಗೆ ಜೀವ ಕೊಡುವ ಪುಡಿ ಹಾಕಬಹುದೇ?

ಉದುರಿಹೋದ ಪ್ಲೇಟನ್ನು ಯಾವ ಪುಡಿಯೂ ಮತ್ತೆ ಅಂಟಿಸುವುದಿಲ್ಲ. ಲೆಡ್ ಆಸಿಡ್‌ಗೆ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್, ಬೇರೇನೂ ಅಲ್ಲ. ಪುಡಿ ಹಾಕಲು ಹೋಗಿ ಕಣ್ಣಿಗೆ ಆಸಿಡ್ ಸಿಡಿಸಿಕೊಳ್ಳಬೇಡಿ, ದಯವಿಟ್ಟು.

ಮರದ ಒಂದು ಕೊಂಬೆಯ ನೆರಳು ಬಿದ್ದರೆ ಪರವಾಗಿಲ್ಲವೇ?

ಪರವಾಗಿಲ್ಲ ಅನ್ನುವ ಹಾಗಿಲ್ಲ. ಸೆಲ್‌ಗಳು ಸಾಲಾಗಿ ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದೇ ಸೆಲ್ ಮುಚ್ಚಿದರೂ ಸಣ್ಣ ಪ್ಯಾನೆಲ್‌ನ ಅರ್ಧ ಇಳುವರಿ ಹೋಗಬಹುದು. ಕೊಂಬೆ ಕಡಿಯಿರಿ, ಇಲ್ಲ ಪ್ಯಾನೆಲ್ ಜಾಗ ಬದಲಿಸಿ.

ಎಂಪಿಪಿಟಿ ಕಂಟ್ರೋಲರೇ ಬೇಕೇ?

ಪ್ಯಾನೆಲ್‌ನ ಹೆಚ್ಚುವರಿ ವೋಲ್ಟನ್ನೂ ಆಂಪಿಯರ್ ಮಾಡಿ ಕೊಡುವ ಕಂಟ್ರೋಲರ್ ಎಂಪಿಪಿಟಿ, ಅದನ್ನು ಹಾಗೇ ಬಿಟ್ಟುಬಿಡುವ ಸರಳ ಥರದ್ದು ಪಿಡಬ್ಲ್ಯುಎಂ. 18 ವೋಲ್ಟ್ ಆಸುಪಾಸಿನ ಪ್ಯಾನೆಲ್ ಒಂದೆರಡಿದ್ದರೆ ಪಿಡಬ್ಲ್ಯುಎಂ ನಡೆಯುತ್ತದೆ. ಮನೆ ಮೇಲೆ ಹಾಕುವ 30-40 ವೋಲ್ಟ್‌ನ ದೊಡ್ಡ ಪ್ಯಾನೆಲ್ಲನ್ನು 12 ವೋಲ್ಟ್ ಬ್ಯಾಟರಿಗೆ ಕಟ್ಟುವುದಾದರೆ ಎಂಪಿಪಿಟಿಯೇ ಬೇಕು, ಇಲ್ಲದಿದ್ದರೆ ಅರ್ಧಕ್ಕಿಂತ ಜಾಸ್ತಿ ನಷ್ಟ. ಕಂಟ್ರೋಲರ್ ಯಾವುದೇ ಇರಲಿ, ಮೊದಲು ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನೆಲ್.

ಶೆಡ್ ಮರದ್ದು, ಒಳಗೆ ಒಣಹುಲ್ಲು, ಗೋಣಿಚೀಲ ಇಡುತ್ತೇನೆ. ಬರೀ 12 ವೋಲ್ಟ್ ತಾನೇ, ಫ್ಯೂಸ್ ಯಾಕೆ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದರೆ ಆ ಬ್ಯಾಟರಿ ನೂರಾರು ಆಂಪಿಯರ್ ಹರಿಸುತ್ತದೆ. ಹಿಂದೊಮ್ಮೆ ನನ್ನ ಕೈಯಿಂದ ಜಾರಿದ ಸ್ಪ್ಯಾನರ್ ಎರಡು ಟರ್ಮಿನಲ್‌ಗಳ ಮೇಲೆ ಅಡ್ಡ ಬಿತ್ತು. ಕಣ್ಣು ಮಿಟುಕಿಸುವುದರೊಳಗೆ ಬೆಸುಗೆ ಹಾಕಿದಂತೆ ಅಂಟಿಕೊಂಡು ಕೆಂಪಗಾಯಿತು. ಅಂದಿನಿಂದ ಬೆರಳಲ್ಲಿ ಉಂಗುರ ಇಟ್ಟುಕೊಂಡು ನಾನು ಬ್ಯಾಟರಿ ಮುಟ್ಟಿಲ್ಲ. ಸ್ಪ್ಯಾನರ್‌ಗೂ ಹಿಡಿಯಷ್ಟು ಜಾಗ ಬಿಟ್ಟು ಉಳಿದದ್ದಕ್ಕೆಲ್ಲ ಇನ್ಸುಲೇಶನ್ ಟೇಪ್ ಸುತ್ತಿಡುತ್ತೇನೆ. ನಿಮ್ಮ ಶೆಡ್ ಮರದ್ದು, ಒಳಗೆ ಒಣಹುಲ್ಲು, ಗೋಣಿಚೀಲ ಇದೆ ಅಂತ ನೀವೇ ಬರೆದಿದ್ದೀರಿ. ಚಾರ್ಜ್ ಆಗುವಾಗ ಲೆಡ್ ಆಸಿಡ್‌ನಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇ 4 ಸೇರಿದರೆ ಒಂದು ಕಿಡಿ ಸಾಕು. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ, ವೈರ್ ತಡೆಯುವಷ್ಟೇ ಆಂಪಿಯರ್‌ನ ಫ್ಯೂಸ್ ಹಾಕಿ. ಬ್ಯಾಟರಿ ಇಟ್ಟ ಕಡೆ ಗೋಡೆಯ ಮೇಲ್ಭಾಗದಲ್ಲಿ ಗಾಳಿಗಿಂಡಿ ಮಾಡಿಸಿ. ಅವೆರಡೂ ಆಗುವವರೆಗೆ ಬ್ಯಾಟರಿಗೆ ಯಾವ ವೈರನ್ನೂ ಜೋಡಿಸಬೇಡಿ.